ಮೂರು ಬೊಟ್ಟಿನ ಟೇಪು

ನಮ್ಮ ಮನೆಯಲ್ಲಿ ಕನ್ನಡಕ್ಕೆಂದೇ ಒಂದು ಕೋಣೆ ಇತ್ತು. ಅದರಲ್ಲಿ ಕೋಟುಗಳೂ ಇದ್ದವು. ಅಮೆರಿಕದ ಲಿನ್‌ವುಡ್ಡಿನ ಆ ಬಾಡಿಗೆ ಮನೆಯ ಮುಂಬಾಗಿಲು ತೆಗೆದರೆ ಎಡಕ್ಕೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಕಿರಿದಾದ ಕಪಾಟು, ಒಬ್ಬರು ಮಂಡಿ ಮಡಚಿ ಕೂರುವಷ್ಟು. ಅಲ್ಲಿ ಅಪ್ಪನ ಎರಡು ಉಣ್ಣೆಯ ಕೋಟು, ಅಮ್ಮನದೊಂದು, ನನ್ನದೊಂದು, ನಮಗಿಂತ ಮೊದಲು ಇದ್ದವರು ಬಿಟ್ಟುಹೋಗಿದ್ದ ಕಂದು ಬಣ್ಣದ್ದೊಂದು ನೇತಾಡುತ್ತಿದ್ದವು. ಉಣ್ಣೆ ಇದ್ದಲ್ಲಿ ಪ್ರತಿಧ್ವನಿ ಇರುವುದಿಲ್ಲ ಎಂದು ಅಪ್ಪ ಕಂಡುಕೊಂಡಿದ್ದರು. ಹಾಗಾಗಿ ಮೈಸೂರಿಗೆ ಏನು ಹೇಳಬೇಕಿದ್ದರೂ ಆ ಕಪಾಟಿನೊಳಗೆ ಕೂತು, ಕೋಟಿನ ತೋಳುಗಳನ್ನು ಮುಖದಿಂದ ಸರಿಸಿಕೊಂಡು, ಮೈಕು ಹಿಡಿದು ಹೇಳಬೇಕಿತ್ತು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಇಂಗ್ಲಿಷ್, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೂ ನನ್ನ ಉತ್ತರ ಇಂಗ್ಲಿಷ್. ಕಪಾಟಿನೊಳಗೆ ಮಾತ್ರ ಆ ಆಟ ನಡೆಯುತ್ತಿರಲಿಲ್ಲ. ಆ ತುದಿಯಲ್ಲಿ ಕೂತು ಕೇಳುವವಳು ನನ್ನ ದೊಡ್ಡಮ್ಮ, ಅಮ್ಮನ ಒಬ್ಬಳೇ ಅಕ್ಕ. ನನ್ನ ಕನ್ನಡ ಎಡವಿದರೆ ಮುಂದಿನ ಟೇಪಿನಲ್ಲಿ ಬೈಗುಳ ಬರುತ್ತಿತ್ತು.

"ವಸು, ಅದೇನೇ ಬಾಯಲ್ಲಿ ಬಿಸಿ ಬೋಂಡ ಇಟ್ಕೊಂಡೋಳ ಹಾಗೆ ಮಾತಾಡ್ತೀಯ? ಬಿಡಿಸಿ ಹೇಳು."

ಬೈಗುಳ ಬಂದು ತಲುಪಲು ಮೂರು ತಿಂಗಳು ಹಿಡಿಯುತ್ತಿತ್ತು. ಆದರೂ ನನಗೆ ಹೆದರಿಕೆ ಇತ್ತು.

ಅಪ್ಪ ವಿಮಾನದ ಕಾರ್ಖಾನೆಯಲ್ಲಿ ಇಂಜಿನಿಯರ್. ವಿಮಾನ ಹಾರುವಾಗ ರೆಕ್ಕೆ ಎಷ್ಟು ನಡುಗುತ್ತದೆ ಎನ್ನುವುದನ್ನು ಅಂಗುಲ ಅಗಲದ ಟೇಪಿನ ಮೇಲೆ ಹಿಡಿದು, ಕೆಳಗಿಳಿದ ಮೇಲೆ ಆ ನಡುಕವನ್ನು ಓದುವುದು ಅವರ ಕೆಲಸ. ಯಾರಾದರೂ ಕೇಳಿದರೆ ತಾನು ನಡುಕದ ಗುಮಾಸ್ತ ಅನ್ನುತ್ತಿದ್ದರು. ಊಟಕ್ಕೆ ಕೂತರೆ ಟೇಪಿನ ಪುರಾಣ. ಮೊದಮೊದಲು ಮಾತನ್ನು ಉಕ್ಕಿನ ತಂತಿಯ ಮೇಲೆ ಹಿಡಿಯುತ್ತಿದ್ದರಂತೆ. ತಂತಿ ತುಂಡಾದರೆ ಗಂಟು ಹಾಕಿ ಮುಂದುವರಿಸುತ್ತಿದ್ದರಂತೆ, ಗಂಟು ಬಂದಲ್ಲಿ ಮಾತು ಒಂದು ಸಲ ಕುಪ್ಪಳಿಸುತ್ತಿತ್ತಂತೆ. ಆಮೇಲೆ ಜರ್ಮನಿಯಲ್ಲಿ, ಸಿಗರೇಟಿನ ತುದಿಗೆ ಬಂಗಾರದ ಬಣ್ಣದ ಪಟ್ಟಿ ಕೂರಿಸುವ ಕೆಲಸ ಬಲ್ಲ ಒಬ್ಬಾತ ಅದೇ ಕೈಚಳಕದಲ್ಲಿ ಉದ್ದನೆಯ ಕಾಗದಕ್ಕೆ ಕಬ್ಬಿಣದ ಪುಡಿ ಅಂಟಿಸಿದನಂತೆ. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕನೊಬ್ಬ ಅಲ್ಲಿನ ಎರಡು ಮೆಷಿನ್ನುಗಳನ್ನು ಬಿಚ್ಚಿ, ತುಂಡು ತುಂಡಾಗಿ ಟಪಾಲಿನಲ್ಲಿ ತನ್ನ ಮನೆಗೆ ಕಳಿಸಿಕೊಂಡನಂತೆ. ಈ ಕಡೆಯ ಕತೆ ಹೇಳುವಾಗ ಅಪ್ಪನ ಅನ್ನ ತಣ್ಣಗಾಗುತ್ತಿತ್ತು. ಅಮ್ಮ ಬಡಿಸುವ ಸೌಟು ಹಿಡಿದು ಕಾಯುತ್ತಿದ್ದಳು.

"ಅಷ್ಟೆಲ್ಲ ಮಾಡಿ ಕೊನೆಗೆ ಅಂಟಿಸಿದ್ದು ಏನನ್ನ? ತುಕ್ಕು ತಾನೆ?"

"ತುಕ್ಕೇ ಕಣೇ. ಆದ್ರೆ ಮಾತು ಹಿಡಿಯೋ ತುಕ್ಕು."

"ನನ್ನ ದೋಸೆ ಕಾವಲಿ ಮೇಲೂ ಬೇಕಾದಷ್ಟಿದೆ. ಕಿವಿ ಇಟ್ಟು ನೋಡಿ, ಏನಾದ್ರೂ ಹೇಳುತ್ತೇನೋ."

ಆ ಕಾವಲಿ ಅಮ್ಮನ ಸೂಟ್‌ಕೇಸಿನಲ್ಲಿ ಮೈಸೂರಿನಿಂದ ಬಂದದ್ದು. ಲಿನ್‌ವುಡ್ಡಿನ ಥಂಡಿಗೆ ಎರಡು ದಿನ ಬಿಟ್ಟರೆ ಕೆಂಪಗಾಗುತ್ತಿತ್ತು. ಅಮ್ಮ ಪ್ರತಿ ವಾರ ಉಜ್ಜಿ ಎಣ್ಣೆ ಸವರಿ ಇಡುತ್ತಿದ್ದಳು. ತುಕ್ಕಿನ ಬಗ್ಗೆ ಗೌರವ ಇಟ್ಟುಕೊಂಡ ಗಂಡನ ಜೊತೆ ಸಂಸಾರ ಮಾಡುವುದು ಅವಳಿಗೆ ಸುಲಭದ ಮಾತಾಗಿರಲಿಲ್ಲ.

ಮೈಸೂರಿನ ಕಡೆ ದೊಡ್ಡಪ್ಪ ಕಾಲೇಜಿನಲ್ಲಿ ಭಾಷೆ ಕಲಿಸುವ ಮೇಷ್ಟ್ರು. ಅಲ್ಲಿನ ಭಾರದ ಟೇಪ್ ರೆಕಾರ್ಡರನ್ನು ಶನಿವಾರ ಜಟಕಾದಲ್ಲಿ ಮನೆಗೆ ತಂದು ಸೋಮವಾರ ವಾಪಸ್ ಇಡುತ್ತಿದ್ದರು. ಆ ಹಳೆಯ ಮೆಷಿನ್ನಿಗೂ ನಮ್ಮದಕ್ಕೂ ಒಂದು ವ್ಯತ್ಯಾಸವಿತ್ತು. ಅಪ್ಪ ಅದನ್ನು ಊಟದ ತಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ್ದರು. ಮೈಸೂರಿನದು ಸುಣ್ಣ ಬಳಿಯುವ ಕುಂಚ, ಟೇಪಿನ ಅರ್ಧ ಅಗಲಕ್ಕೆ ಮಾತು ಬಳಿಯುತ್ತದೆ. ನಮ್ಮದು ಸಣ್ಣ ಕುಂಚ, ಕಾಲು ಅಗಲಕ್ಕಷ್ಟೇ ಬಳಿಯುತ್ತದೆ, ಅಳಿಸುವಾಗಲೂ ಅಷ್ಟನ್ನೇ ಅಳಿಸುತ್ತದೆ. ಅವರ ಮಾತಿನ ಮೇಲೆ ನಾವು ನಮ್ಮ ಮಾತು ತುಂಬಿದರೆ ಅವರದರಲ್ಲಿ ಒಂದು ಪಟ್ಟಿ ಹಾಗೇ ಉಳಿಯುತ್ತದೆ. ನಮ್ಮ ಮೆಷಿನ್ನಿಗೆ ಅದು ಕೇಳಿಸುವುದಿಲ್ಲ, ಮೈಸೂರಿನದಕ್ಕೆ ಎರಡೂ ಕೇಳಿಸುತ್ತದೆ. ಇದನ್ನು ಮೊದಲು ಕಂಡುಹಿಡಿದದ್ದು ದೊಡ್ಡಮ್ಮನೇ.

"ಇಂದು ಮಾತಾಡ್ತಿದ್ರೆ ಹಿಂದೆ ನಾನೇ ಗೊಣಗ್ತಾ ಇರ್ತೀನಿ. ನನ್ನ ಗೊಣಗಾಟ ಕೇಳೋಕೆ ಅಮೆರಿಕದಿಂದ ಟೇಪ್ ತರಿಸ್ಕೋಬೇಕಾ?"

ಇಂದು ಅಂದರೆ ಇಂದಿರಾ, ನನ್ನ ಅಮ್ಮ. ಆ ದೂರು ಬಂದ ಮೇಲೆ ಅಪ್ಪ ಒಂದು ವಿದ್ಯುತ್ ಅಯಸ್ಕಾಂತ ತಂದರು. ನೋಡಲು ಇಸ್ತ್ರಿ ಪೆಟ್ಟಿಗೆ. ಗುಂಯ್ ಅನ್ನುವ ಅದರ ಮೇಲೆ ಟೇಪಿನ ಸುರುಳಿಯನ್ನು ಎರಡು ಸುತ್ತು ತಿರುಗಿಸಿದರೆ ಅಷ್ಟಗಲದ ಮಾತೂ ಮಾಯ. ಅದನ್ನು ತಂದ ವಾರವೇ ಅಪ್ಪನ ಕೈಗಡಿಯಾರ ನಿಂತಿತು, ಟಿವಿಯ ಒಂದು ಮೂಲೆ ನೇರಳೆ ಬಣ್ಣಕ್ಕೆ ತಿರುಗಿತು. ಆಮೇಲೆ ಅದಕ್ಕೊಂದು ಕಟ್ಟಪ್ಪಣೆಯಾಯಿತು: ಅಪ್ಪನ ಹೊರತು ಯಾರೂ ಮುಟ್ಟಕೂಡದು. ನಾನು ಹೇಳಿದ ಮಾತು ಕೇಳುವ ಮಗುವೇನೂ ಆಗಿರಲಿಲ್ಲ. ಆದರೆ ಆ ಒಂದು ಮಾತನ್ನು ಕೇಳಿದೆ.

ಟೇಪು ಒಂದೇ ಇತ್ತು. ಅಪ್ಪ ಹತ್ತು ತರಬಹುದಿತ್ತು, ಅಮ್ಮ ಒಪ್ಪಲಿಲ್ಲ. ಪಕ್ಕದ ಮನೆಯವರು ಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದಲ್ಲ, ಹಾಗೆ ಅದು ಹೋಗಬೇಕು, ತುಂಬಿಕೊಂಡು ಬರಬೇಕು. ಅಂಗೈ ಅಗಲದ ಸುರುಳಿ, ರಟ್ಟಿನ ಡಬ್ಬಿ. ಊರಿಗೆ ಹೋಗುವವರ, ಊರಿನಿಂದ ಬರುವವರ ಕೈಚೀಲದಲ್ಲಿ ಅದರ ಓಡಾಟ. ಬಂದ ಟೇಪನ್ನು ನಾವು ಮೂರು ಸಲ ಕೇಳುತ್ತಿದ್ದೆವು, ಹೆಚ್ಚಿಲ್ಲ, ಕಡಿಮೆಯಿಲ್ಲ. ಮೊದಲ ಸಲ ಯಾರೂ ಉಸಿರೆತ್ತುವಂತಿಲ್ಲ. ಎರಡನೆಯ ಸಲ ಅಮ್ಮ ನೋಟುಬುಕ್ಕು ಹಿಡಿದು ಕೂರುತ್ತಿದ್ದಳು; ದೊಡ್ಡಮ್ಮ ಹೇಳಿದ ಗೊಜ್ಜಿನ ಅಳತೆ, ಹೆಸರಿಟ್ಟ ಮಕ್ಕಳ ಹೆಸರು, ಅಜ್ಜಿಯ ಹಾಡಿನ ಎರಡು ಸಾಲು ಎಲ್ಲ ಅದರಲ್ಲಿ ಇಳಿಯುತ್ತಿತ್ತು. ನಾನು ಕನ್ನಡ ಅಕ್ಷರ ಕಲಿತದ್ದು ಆ ನೋಟುಬುಕ್ಕಿನಿಂದಲೇ. ಮೂರನೆಯ ಸಲ ಊಟದ ಹೊತ್ತಿಗೆ. ಆಗ ಅಮ್ಮ ಟೇಪಿನ ಜೊತೆಗೇ ವಾದಕ್ಕಿಳಿಯುತ್ತಿದ್ದಳು. ಒಂದೊಂದು ಸಲ ಕೇಳಿ ಮುಗಿದಾಗಲೂ ಉಂಗುರದ ಬೆರಳಿನಿಂದ ಡಬ್ಬಿಯ ಮುಚ್ಚಳಕ್ಕೆ ಒಂದು ಕುಂಕುಮದ ಬೊಟ್ಟು. ಮೂರು ಬೊಟ್ಟು ಬಿದ್ದರೆ ಕೇಳಿಯಾಯಿತು, ಇನ್ನು ಅಳಿಸಬಹುದು ಎಂದು ಅರ್ಥ. ನಮ್ಮ ಮಾತು ತುಂಬಿ ಕಳಿಸುವ ಮುಂಚೆ ಅಮ್ಮ ಬೊಟ್ಟುಗಳ ಮೇಲೊಂದು ಬಿಳಿ ಚೀಟಿ ಅಂಟಿಸುತ್ತಿದ್ದಳು, ಮುಂದಿನ ಸಲಕ್ಕೆ ಮುಚ್ಚಳ ಚೊಕ್ಕಟ ಇರಲೆಂದು.

ನನಗೆ ಒಂಬತ್ತು ವರ್ಷವಾದಾಗ ಮೈಸೂರಿನಲ್ಲಿ ಅಜ್ಜಿ ಜಾರಿ ಬಿದ್ದು ಹಾಸಿಗೆ ಹಿಡಿದಳು. ನೋಡಿಕೊಳ್ಳುವವಳು ದೊಡ್ಡಮ್ಮ. ಅಮ್ಮ ಕಪಾಟಿನಲ್ಲಿ ಕೂತು ಉದ್ದುದ್ದ ಸಲಹೆ ಕೊಟ್ಟಳು: ಬೆನ್ನಿಗೆ ಹೀಗೆ ಎಣ್ಣೆ ತಿಕ್ಕು, ಮಗ್ಗುಲು ಹೀಗೆ ಹೊರಳಿಸು, ಗಂಜಿಗೆ ಇಷ್ಟೇ ಉಪ್ಪು ಹಾಕು. ಅದಕ್ಕೆ ಬಂದ ಉತ್ತರದ ಟೇಪನ್ನು ಮೊದಲ ಸಲ ಕೇಳುತ್ತಾ ಕೂತಿದ್ದೆವು. ದೊಡ್ಡಮ್ಮ ಎಲ್ಲ ಸಮಾಚಾರ ಹೇಳಿ "ಸರಿ ಕಣೇ, ಇಡ್ತೀನಿ" ಅಂದಳು. ಸುರುಳಿ ತಿರುಗುತ್ತಲೇ ಇತ್ತು. ಕುರ್ಚಿ ಎಳೆದ ಸದ್ದು, ಲೋಟ ಇಟ್ಟ ಸದ್ದು. ಆಮೇಲೆ ದೊಡ್ಡಮ್ಮನ ಬೇರೆಯದೇ ದನಿ, ಗಂಡನ ಜೊತೆ ಆಡುವ ದನಿ.

"ಅಲ್ಲಿ ಕೋಟು ಹಾಕ್ಕೊಂಡು ಕೂತು ಉಪದೇಶ ಮಾಡ್ತಾಳೆ. ಮಾಡೋರು ಯಾರು? ತಪ್ಪಿಸ್ಕೊಂಡು ಹೋದೋರಿಗೆ ಬಾಯಿ ಜಾಸ್ತಿ."

"ಅಯ್ಯೋ, ಅದಿನ್ನೂ ತಿರುಗ್ತಾ ಇದೆ ಕಣೇ!" ಎಂದು ದೊಡ್ಡಪ್ಪ. ಟಕ್.

ಅಪ್ಪ ಏಳಲು ಹೋದರು. ಅಮ್ಮ ಕೈ ಸನ್ನೆ ಮಾಡಿ ಕೂರಿಸಿ, ಕುಂಕುಮದ ಭರಣಿ ತೆಗೆದು, ಒಂದು ಬೊಟ್ಟಿಟ್ಟಳು. ಮಾರನೆಯ ದಿನ ಎರಡನೆಯದು. ಅದರ ಮಾರನೆಯ ದಿನ ಮೂರನೆಯದು. ನಿಯಮ ತಪ್ಪಲಿಲ್ಲ, ನೋಟುಬುಕ್ಕಿನಲ್ಲಿ ಮಾತ್ರ ಏನೂ ಇಳಿಯಲಿಲ್ಲ.

"ಬಿಡು ಇಂದೂ. ಮೆಷಿನ್ ನಿಂತಿದೆ ಅಂದ್ಕೊಂಡು ಆಡಿದ ಮಾತು. ಕೇಳಿಸ್ಲೇ ಇಲ್ಲ ಅಂದ್ಕೋ."

"ಮೆಷಿನ್ ನಿಂತಿದೆ ಅಂದ್ಕೊಂಡು ಆಡಿದ್ದೇ ನಿಜವಾದ ಮಾತು ಅಲ್ವೇನ್ರೀ?"

ಆ ಭಾನುವಾರ ಅಪ್ಪ ಟೇಪನ್ನು ಅಯಸ್ಕಾಂತದ ಮೇಲೆ ಸುತ್ತಿಸಿ ಕೊಟ್ಟರು. ಅಮ್ಮ ಒಬ್ಬಳೇ ಕಪಾಟಿಗೆ ಹೋಗಿ ಬಾಗಿಲೆಳೆದುಕೊಂಡಳು. ನಾನು ಮೆಟ್ಟಿಲ ಮೇಲೆ, ಸರಿಯಾಗಿ ಅವಳ ತಲೆಯ ಮೇಲೆ ಕೂತಿದ್ದೆ. ಹಲಗೆಯ ಸಂದಿಯಿಂದ ಮಾತು ಕೇಳಿಸುತ್ತಿತ್ತು.

"ಅಕ್ಕ, ನೀನು ಆಡಿದ್ದೆಲ್ಲ ಕೇಳಿಸ್ತು. ನಾನು ತಪ್ಪಿಸ್ಕೊಂಡು ಬಂದೆ ಅಂತಾನೇ ನೀನು ಅಂದ್ಕೊಂಡಿದೀಯಾ? ಹೌದು ಅಥವಾ ಇಲ್ಲ, ಅಷ್ಟು ಹೇಳು ಸಾಕು. ಬೇರೇನೂ ಬೇಡ."

ಅಷ್ಟೇ. ಉಳಿದ ಟೇಪು ಖಾಲಿ. ಅವಳು ಹೊರಗೆ ಬಂದು ಡಬ್ಬಿ ಕಟ್ಟುವಾಗ ನಾನು ಬಿಳಿ ಚೀಟಿ ಹಿಡಿದು ನಿಂತಿದ್ದೆ. "ಅದೇನೂ ಬೇಡ, ಆಚೆ ಇಡು" ಅಂದಳು. ಮೂರು ಕೆಂಪು ಬೊಟ್ಟುಗಳೊಂದಿಗೇ ಡಬ್ಬಿ ಊರಿಗೆ ಹೋಯಿತು. ಸಂಜೆ ಅಪ್ಪನಿಗೆ ಹೇಳುತ್ತಿದ್ದಳು, "ಅವಳ ಹಟ ನಂಗೊತ್ತಿಲ್ವಾ? ಖಾಲಿ ಟೇಪು ವಾಪಸ್ ಬರುತ್ತೆ, ನೋಡ್ತಿರಿ."

ಅಮ್ಮ ಆಗ ಮಧ್ಯಾಹ್ನದ ಹೊತ್ತು ಒಂದು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಶಾಲೆಯಿಂದ ಬಂದು ಬೀಗ ತೆಗೆಯುವವಳು ನಾನೇ, ಕೀಲಿ ನನ್ನ ಕೊರಳಲ್ಲಿ. ಮೂರೂವರೆ ತಿಂಗಳಾದ ಮೇಲೆ ಒಂದು ಮಳೆಯ ದಿನ ಬಾಗಿಲು ಬಡಿದ ಸದ್ದಾಯಿತು. ತೆಳ್ಳನೆಯ ಸ್ವೆಟರಿನ ಒಬ್ಬ ಹೊಸ ವಿದ್ಯಾರ್ಥಿ, ಮೈಸೂರಿನಿಂದ ಬಂದವನು, ಆ ಸಂಜೆಯೇ ರಾಜ್ಯದ ಪೂರ್ವದ ಅಂಚಿನ ಯೂನಿವರ್ಸಿಟಿಗೆ ಬಸ್ಸು ಹಿಡಿಯಬೇಕಿತ್ತು. ಅವನನ್ನು ಕರೆತಂದಿದ್ದ ಕಾರು ರಸ್ತೆಯಲ್ಲಿ ಹಾರನ್ ಹೊಡೆಯುತ್ತಿತ್ತು. "ಅಮ್ಮಂಗೆ ಕೊಟ್ಬಿಡಮ್ಮ, ಮೈಸೂರಿಂದ" ಎಂದು ಡಬ್ಬಿ ಕೈಗಿಟ್ಟು ಓಡಿದ. ಅವನನ್ನು ನಾವ್ಯಾರೂ ಮತ್ತೆ ನೋಡಲಿಲ್ಲ. ಡಬ್ಬಿಯ ಮೇಲೆ ಮೂರು ಬೊಟ್ಟು ಹೋದ ಹಾಗೆಯೇ ಇದ್ದವು.

ಮೂರು ಬೊಟ್ಟು ಅಂದರೆ ನನಗೆ ಒಂದೇ ಅರ್ಥ ಗೊತ್ತಿತ್ತು. ಇದರಲ್ಲಿ ಕೇಳುವಂಥದ್ದು ಏನೂ ಇಲ್ಲ. ಅಮ್ಮ ಹೇಳಿದ ಹಾಗೆಯೇ ಆಗಿದೆ, ದೊಡ್ಡಮ್ಮ ಡಬ್ಬಿಯನ್ನು ಖಾಲಿ ಹಿಂದಿರುಗಿಸಿದ್ದಾಳೆ. ನನಗೆ ಅಮ್ಮನ ಬಗ್ಗೆ ಅಯ್ಯೋ ಅನ್ನಿಸಿತು. ಅವಳು ಬಂದು ಟೇಪು ಹಾಕಿ ಖಾಲಿ ಸದ್ದು ಕೇಳುತ್ತಾ ಕೂರುವುದನ್ನು ನೆನೆಸಿಕೊಂಡೆ. ಅವಳು ಬರುವುದರೊಳಗೆ ನಾನೇ ಏನಾದರೂ ತುಂಬಿಬಿಡೋಣ, ಅವಳು ನಗಲಿ ಎಂದುಕೊಂಡೆ. ಮೆಷಿನ್ನನ್ನು ಕಪಾಟಿಗೆ ಎಳೆದುಕೊಂಡು ಹೋದೆ. ಅಯಸ್ಕಾಂತ ಪಕ್ಕದ ಗೂಡಿನಲ್ಲೇ ಇತ್ತು. ಅಪ್ಪನ ಮಾತು ನೆನಪಾಗಿ ಅದನ್ನು ಮುಟ್ಟಲಿಲ್ಲ. ಕೆಂಪು ಗುಂಡಿ ಒತ್ತಿದೆ.

"ನಮಸ್ಕಾರ. ಇದು ಲಿನ್‌ವುಡ್ ಕೇಂದ್ರ. ಹವಾಮಾನ ಓದುತ್ತಿರುವವರು ವಸುಧಾ. ಇಂದು ಮಳೆ. ನಾಳೆ ಮಳೆ. ನಾಡಿದ್ದು ತುಂತುರು, ಅದೂ ಮಳೆಯೇ."

ಕೋಟುಗಳ ನಡುವೆ ಕೂತು ನಾನು ಅಕ್ಕಪಕ್ಕದವರ ಹವಾಮಾನವನ್ನೂ ಓದಿದೆ, ಎದುರು ಮನೆಯ ನಾಯಿಯದನ್ನೂ ಬಿಡಲಿಲ್ಲ. ಅಷ್ಟರಲ್ಲಿ ಅಮ್ಮ ಬಂದದ್ದೂ, ಒಲೆ ಹಚ್ಚಿದ್ದೂ ಗೊತ್ತಾಗಲಿಲ್ಲ. "ವಸೂ, ಎಲ್ಲಿ ಹಾಳಾಗಿ ಹೋದೆ? ಉಪ್ಪಿಟ್ಟು ಆರ್ತಾ ಇದೆ, ಬಾರೇ!" ಎಂದು ಅಡುಗೆಮನೆಯಿಂದ ಕೂಗು ಬಂತು. ಗುಂಡಿ ಒತ್ತಿ ನಿಲ್ಲಿಸಿದೆ. ಸರಿಯಾಗಿ ನಿಂತಿತೋ ಇಲ್ಲವೋ ನೋಡಲು ಇನ್ನೊಂದು ಗುಂಡಿ ಒತ್ತಿದೆ. ಟೇಪು ನಾನು ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ತಿರುಗಿತು. ಅದರೊಳಗಿನಿಂದ ದೊಡ್ಡಮ್ಮ ಮಾತಾಡಿದಳು.

"…ಅಷ್ಟೇ ಕಣೇ. ಇನ್ನು ನೀನು ಹೇಳು."

ಆಮೇಲೆ ಏನೂ ಇಲ್ಲ. ನಾನು ಹಿಂದಕ್ಕೆ ಸುತ್ತಿ ಮೊದಲಿನಿಂದ ಹಾಕಿದೆ. ನಮಸ್ಕಾರ, ಇದು ಲಿನ್‌ವುಡ್ ಕೇಂದ್ರ. ದೊಡ್ಡಮ್ಮ ಹೇಳಿದ್ದ ಹೌದೋ ಇಲ್ಲವೋ ನನ್ನ ಮಳೆಯ ಕೆಳಗೆ ಹೋಗಿಬಿಟ್ಟಿತ್ತು. ಡಬ್ಬಿಯನ್ನು ಆ ಕಂದು ಕೋಟಿನ ಒಳಜೇಬಿಗೆ ತುರುಕಿ ಹೋಗಿ ಉಪ್ಪಿಟ್ಟಿನ ಮುಂದೆ ಕೂತೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿ "ಜ್ವರ ಇಲ್ಲವಲ್ಲ" ಅಂದಳು. ಆಗ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲಿನ ಪ್ರತಿ ದಿನವೂ ಹಿಂದಿನ ದಿನಕ್ಕಿಂತ ಹೇಳುವುದು ಕಷ್ಟವಾಗುತ್ತಾ ಹೋಯಿತು.

ಅಮ್ಮ ಕಾದಳು. ಊರಿನಿಂದ ಯಾರು ಬಂದರೂ ಅವರ ಕೈಚೀಲದ ಮೇಲೆ ಅವಳ ಕಣ್ಣು. ಐದಾರು ತಿಂಗಳಿಗೆ ದೊಡ್ಡಮ್ಮನ ನೀಲಿ ಕಾಗದ ಬಂತು. ಅಜ್ಜಿ ಎದ್ದು ಕೂರುತ್ತಾಳೆ ಎಂದು ಬರೆದು, ಕೊನೆಗೆ ಒಂದು ಸಾಲು: ನಾನು ಹೇಳಬೇಕಾದ್ದನ್ನೆಲ್ಲ ಹೇಳಿದ್ದೇನೆ, ಇನ್ನು ನಿನಗೆ ಬಿಟ್ಟಿದ್ದು. ಅಮ್ಮ ಅದನ್ನು ಎರಡು ಸಲ ಓದಿದಳು.

"ಅವತ್ತು ಗಂಡನ ಹತ್ರ ಹೇಳಿದ್ಲಲ್ಲ, ಅದೇ ಉತ್ತರ ಅಂತೆ ರೀ. ಇನ್ನೊಂದು ಸಲ ಹೇಳೋದಿಲ್ವಂತೆ."

ಆ ಸಾಲಿನ ನಿಜವಾದ ಅರ್ಥ ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ಹೋಮ್‌ವರ್ಕಿನ ಮೇಲೆ ತಲೆ ಬಗ್ಗಿಸಿಕೊಂಡು ಕೂತಿದ್ದೆ. ಆಮೇಲೆ ಟೇಪಿನ ಓಡಾಟ ನಿಂತಿತು, ಕಪಾಟು ಬರೀ ಕೋಟಿನ ಕಪಾಟಾಯಿತು. ಅಕ್ಕತಂಗಿಯರು ಮುನಿಸಿಕೊಂಡು ಮಾತೇ ಬಿಟ್ಟರು ಎಂದಲ್ಲ. ಕಾಗದ ಬರೆದುಕೊಂಡರು, ಮುಂದೆ ಫೋನು ಬಂದಾಗ ಫೋನಿನಲ್ಲಿ ಹಬ್ಬಹಬ್ಬಕ್ಕೂ ಮಾತಾಡಿದರು. ನಾವು ಊರಿಗೆ ಹೋದಾಗ ದೊಡ್ಡಮ್ಮ ಅಮ್ಮನಿಗೆ ಇಷ್ಟವೆಂದು ಹಾಗಲಕಾಯಿ ಗೊಜ್ಜು ಮಾಡಿದಳು, ಅಮ್ಮ ಅವಳಿಗೆ ಕುಂಕುಮ ಕೊಟ್ಟು ಕಾಲಿಗೆ ಬಿದ್ದಳು. ಎಲ್ಲವೂ ಕ್ರಮವಾಗಿ ನಡೆಯುತ್ತಿತ್ತು. ಟೇಪಿನ ಜೊತೆ ವಾದಕ್ಕಿಳಿಯುತ್ತಿದ್ದ ನನ್ನ ಅಮ್ಮ ಮಾತ್ರ ಎದುರಿಗೇ ಕೂತ ಅಕ್ಕನ ಯಾವ ಮಾತಿಗೂ ಎದುರಾಡುತ್ತಿರಲಿಲ್ಲ. ಒಬ್ಬಳು ಉತ್ತರ ಬರಲಿಲ್ಲ ಎಂದು, ಇನ್ನೊಬ್ಬಳು ಉತ್ತರಕ್ಕೆ ಉತ್ತರ ಬರಲಿಲ್ಲ ಎಂದು, ಇಬ್ಬರೂ ಬಿಗಿಯಾಗಿ ನಗುತ್ತಿದ್ದರು. ನಡುವೆ ಕೂತು ನಾನು ಗೊಜ್ಜು ತಿನ್ನುತ್ತಿದ್ದೆ.

ಹದಿನೈದನೆಯ ವಯಸ್ಸಿನಲ್ಲಿ ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಟೇಪನ್ನು ಅಪ್ಪನ ಮೆಷಿನ್ನಿಗೆ ಮತ್ತೆ ಹಾಕಿದೆ. ಮಳೆ, ತುಂತುರು, ನಾಯಿ. ಕೊನೆಯ ಆ ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಎಲ್ಲಿಗೆ ಹೋದರೂ ಡಬ್ಬಿಯನ್ನು ನನ್ನ ಸಾಮಾನಿನ ಜೊತೆಗೇ ಒಯ್ದೆ. ಮುಂದೆ ನಾನು ಓದಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳಾದೆ. ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಈಗ ಕೇಳಿಸಿತೇ, ಈಗ ಕೇಳಿಸಿತೇ ಎಂದು ಮೂವತ್ತೈದು ವರ್ಷ ಕೇಳಿದೆ. ಆ ಕೆಲಸಕ್ಕೆ ಯಾಕೆ ಬಂದೆ ಎಂದು ಯಾರಾದರೂ ವಿಚಾರಿಸಿದರೆ ಅಪ್ಪನ ಪ್ರಭಾವ ಅನ್ನುತ್ತಿದ್ದೆ. ಅದು ಅರ್ಧ ಸತ್ಯ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಿಲ್ ಕ್ರೀಕಿನ ನನ್ನ ಮನೆಗೆ ಬಂದಳು. ಈಗ ಅವಳಿಗೆ ಎಂಬತ್ತಾರು, ಕಿವಿ ನನ್ನದಕ್ಕಿಂತ ಚುರುಕು. ಮೂರು ವರ್ಷದ ಹಿಂದೆ ಬೆಳಿಗ್ಗೆ ಕಾಫಿ ಹೊತ್ತಿಗೆ ದೊಡ್ಡಮ್ಮ ಹೋದ ಸುದ್ದಿ ಫೋನಿನಲ್ಲಿ ಬಂತು. ಅಮ್ಮ ಸ್ನಾನ ಮಾಡಿ ಬಂದು ಕೂತು ಹೇಳಿದಳು.

"ಹೌದು ಅಂತಾನೋ ಇಲ್ಲ ಅಂತಾನೋ ಒಂದು ಮಾತು ಹೇಳ್ದೆ ಹೊರಟುಹೋದ್ಲು ನೋಡು."

ಐವತ್ತು ವರ್ಷವಾಗಿತ್ತು. ಅವಳು ಮರೆತಿದ್ದಾಳೆ ಎಂದು ನಾನು ನನಗೇ ಹೇಳಿಕೊಂಡು ಬಂದಿದ್ದೆ. ಆ ದಿನ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲು ಇನ್ನೂ ಮೂರು ವರ್ಷ ಬೇಕಾಯಿತು ಎಂದರೆ ನನ್ನ ಧೈರ್ಯ ಎಂಥದ್ದೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ಟೇಪಿನ ತುದಿಯಲ್ಲಿ ದೊಡ್ಡಮ್ಮನ ಆ ಒಂದು ಸಾಲಾದರೂ ಇದೆಯಲ್ಲ, ಅದನ್ನು ಕೇಳಿಸಿ, ಉತ್ತರ ಬಂದಿತ್ತು, ಕೊಂದವಳು ನಾನು ಎಂದು ಒಪ್ಪಿಕೊಳ್ಳಬೇಕೆಂದು ಕಳೆದ ಅಕ್ಟೋಬರಿನಲ್ಲಿ ಗಟ್ಟಿ ಮನಸ್ಸು ಮಾಡಿದೆ. ಅಪ್ಪನ ಮೆಷಿನ್ನು ಎಂದೋ ಕೆಟ್ಟಿತ್ತು. ಕಣಿವೆಯ ಊರು ಡುವಾಲಿನಲ್ಲಿ ಪ್ರಮೋದ್ ಎಂಬ ಬೆಂಗಳೂರಿನ ಹುಡುಗ, ನಲವತ್ತಾದವನನ್ನೂ ನಾನು ಹುಡುಗ ಅನ್ನುತ್ತೇನೆ, ವಾರವೆಲ್ಲ ರೆಡ್‌ಮಂಡಿನಲ್ಲಿ ಸಾಫ್ಟ್‌ವೇರ್ ಬರೆದು ಶನಿವಾರ ಭಾನುವಾರ ಗ್ಯಾರೇಜಿನಲ್ಲಿ ಹಳೆಯ ಟೇಪ್ ರೆಕಾರ್ಡರುಗಳ ಹೊಟ್ಟೆ ಬಿಚ್ಚಿಕೊಂಡು ಕೂರುತ್ತಾನೆ ಎಂದು ಪರಿಚಯದವರು ಹೇಳಿದ್ದರು. ಅಪ್ಪನ ಯಾವುದೋ ಹಳೆಯ ಟೇಪು ಕೇಳಿಸಿಕೊಂಡು ಬರುತ್ತೇನೆಂದು ಅಮ್ಮನಿಗೆ ಸುಳ್ಳು ಹೇಳಿದೆ. ಮೊದಲು ಒಬ್ಬಳೇ ಕೇಳಿ ಆಮೇಲೆ ಮನೆಯಲ್ಲಿ ಹೇಳುವುದು ನನ್ನ ಯೋಜನೆ. ಕಣಿವೆಯಲ್ಲಿ ಕುಂಬಳಕಾಯಿ ಹೊಲ ನೋಡಬಹುದೆಂದು ಅಮ್ಮ ಶಾಲು ಹೊದ್ದು ಕಾರಿನಲ್ಲಿ ಬಂದು ಕೂತುಬಿಟ್ಟಳು.

ಗ್ಯಾರೇಜಿನಲ್ಲಿ ಅವಳಿಗೊಂದು ಮಡಚುವ ಕುರ್ಚಿ, ಕೈಗೆ ಕಾಫಿ. ಪ್ರಮೋದ್ ಡಬ್ಬಿ ತೆರೆದು ಮೂಸಿ ನೋಡಿದ.

"ಸ್ವಲ್ಪ ವಿನಿಗರ್ ಸ್ಮೆಲ್ ಬರ್ತಿದೆ ಆಂಟಿ, ಈ ಕಾಲದ ಟೇಪ್‌ಗೆ ಅದು ಕಾಮನ್. ಬಟ್ ಒಳ್ಳೆ ಕಂಡೀಷನ್‌ನಲ್ಲಿದೆ. ಪ್ಲೇ ಮಾಡ್ಲಾ?"

ಅಮ್ಮ ಮುಚ್ಚಳದ ಮೇಲಿನ ಮಾಸಿದ ಮೂರು ಬೊಟ್ಟುಗಳನ್ನು ನೋಡುತ್ತಿದ್ದಳು. ನಾನು ಹೂಂ ಅಂದೆ. ಅವನ ಕೈಗೆ ಹತ್ತಿರವಿದ್ದದ್ದು ಒಂದು ಮುದಿ ಮೆಷಿನ್ನು, ಮೈಸೂರಿನದರ ಹಾಗೆ ಸುಣ್ಣದ ಕುಂಚದ್ದು. ಸುರುಳಿ ತಿರುಗಿತು. ನಮಸ್ಕಾರ, ಇದು ಲಿನ್‌ವುಡ್ ಕೇಂದ್ರ. ಅಮ್ಮ ನಕ್ಕಳು, "ಏನು ಗಂಟಲೇ ನಿಂದು" ಅಂದಳು. ನಾಳೆ ಮಳೆ ಅನ್ನುವ ಹೊತ್ತಿಗೆ ಪ್ರಮೋದ್ ಹುಬ್ಬು ಗಂಟಿಕ್ಕಿದ.

"ಹಿಂದೆ ಇನ್ನೊಂದು ವಾಯ್ಸ್ ಇದೆಯಲ್ಲ? ಯಾರೋ ಲೇಡಿ ಮಾತಾಡ್ತಿದಾರೆ."

ಅಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಅದು ಅಕ್ಕ."

ಮಾತು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ, ನನ್ನ ಕಿರುಚು ದನಿ ಅದರ ಮೇಲೆ ಕೂತಿತ್ತು. ಆದರೆ ದನಿ ದೊಡ್ಡಮ್ಮನದೇ. ಅಪ್ಪ ತಟ್ಟೆಯ ಮೇಲೆ ಎಳೆದಿದ್ದ ಗೆರೆ ನನಗೆ ಆಗ ಕಣ್ಣಿಗೆ ಕಟ್ಟಿತು. ಆ ದಿನ ಅಯಸ್ಕಾಂತ ಮುಟ್ಟಿರಲಿಲ್ಲ ನಾನು. ಸಣ್ಣ ಕುಂಚದಿಂದ ಅಳಿಸಿದ್ದೆ. ಅರ್ಧ ದೊಡ್ಡಮ್ಮ ಅಲ್ಲೇ ಇದ್ದಳು, ಮೊದಲಿನಿಂದಲೂ. ನನ್ನ ಹವಾಮಾನ ಕೊನೆಗೆ ಬಂತು, ವಸೂ ಎಲ್ಲಿ ಹಾಳಾಗಿ ಹೋದೆ ಎಂದು ಮೂವತ್ತಮೂರರ ಅಮ್ಮ ಕೂಗಿದಳು, ಅಷ್ಟೇ ಕಣೇ ಇನ್ನು ನೀನು ಹೇಳು ಎಂದು ದೊಡ್ಡಮ್ಮ ಮುಗಿಸಿದಳು. ನಾನು ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಅಮ್ಮನ ಕಾಲ ಬಳಿ ಕೂತು ಎಲ್ಲ ಹೇಳಿದೆ: ವಿದ್ಯಾರ್ಥಿ, ಬೊಟ್ಟು, ಉಪ್ಪಿಟ್ಟು, ಕಂದು ಕೋಟು. ಕಾಫಿ ಬಿಸಿ ಮಾಡಿಕೊಂಡು ಬರುತ್ತೇನೆಂದು ಪ್ರಮೋದ್ ಬರಿಗೈಯಲ್ಲಿ ಒಳಗೆ ಓಡಿದ. ಅಮ್ಮ ನನ್ನ ಮುಖ ನೋಡಲಿಲ್ಲ.

"ಆ ಹುಡುಗನ್ನ ಕರಿ. ಅಕ್ಕನ ಮಾತು ಬೇರೆ ಮಾಡೋಕಾಗುತ್ತಾ ಕೇಳು."

ಆಗುತ್ತಿತ್ತು. ಅವನ ಬಳಿ ಟೇಪಿನ ನಾಲ್ಕು ಪಟ್ಟಿಗಳನ್ನೂ ಬೇರೆಬೇರೆಯಾಗಿ ಓದುವ ಇನ್ನೊಂದು ಮೆಷಿನ್ನು ಇತ್ತು. ಮೊದಲನೆಯ ಪಟ್ಟಿಯಲ್ಲಿ ನಾನು. ಅದನ್ನು ಮುಚ್ಚಿ ಎರಡನೆಯದನ್ನು ತೆರೆದ. ಮಳೆ ನಿಂತಿತು.

"ಇಂದೂ, ಕೇಳಿಸ್ತಿದೆಯೇನೇ?"

"ಹೂಂ ಅಕ್ಕ," ಎಂದಳು ಅಮ್ಮ, ಅಷ್ಟು ಸಹಜವಾಗಿ.

"ನಿಮ್ಮ ಭಾವನ್ನ ಆಚೆ ಕಳಿಸಿ ಬಾಗಿಲು ಹಾಕ್ಕೊಂಡಿದೀನಿ. ಹೌದು ಅಥವಾ ಇಲ್ಲ ಅಂತ ಕೇಳಿದೀಯ. ಹೌದು ಕಣೇ. ಸುಳ್ಳು ಯಾಕೆ ಹೇಳ್ಲಿ? ದಿನಾ ಅಮ್ಮನ ಬಟ್ಟೆ ಹಿಂಡೋವಾಗ ಅಂದ್ಕೊಳ್ತೀನಿ, ತಪ್ಪಿಸ್ಕೊಂಡ್ಲು ನೋಡು ಅಂತ. ಆದ್ರೆ ನಿಂಗೊಂದು ವಿಷಯ ಗೊತ್ತಿಲ್ಲ. ನಿನ್ನ ಮದುವೆ ಮಾತು ಬಂದಾಗ ಅಷ್ಟು ದೂರ ಬೇಡ ಅಂತ ಅಪ್ಪ ಕೂತುಬಿಟ್ಟಿದ್ರು. ಕೊಡ್ಲೇಬೇಕು ಅಂತ ಎರಡು ದಿನ ಊಟ ಬಿಟ್ಟೋಳು ನಾನು. ಇಬ್ರೂ ಇಲ್ಲೇ ಸವೆಯೋದು ಬೇಡ, ಒಬ್ಳಾದ್ರೂ ಹೋಗ್ಲಿ ಅಂತ. ಹಾಗಾಗಿ ನೀನು ತಪ್ಪಿಸ್ಕೊಂಡಿದ್ದಲ್ಲ, ನಾನೇ ಕಳಿಸಿದ್ದು. ಕಳಿಸಿದೋಳೂ ನಾನೇ, ಕಳಿಸಿ ಹೊಟ್ಟೆ ಉರ್ಕೊಂಡೋಳೂ ನಾನೇ. ಹೇಳ್ಬಿಟ್ಟೆ, ಹಗುರ ಆಯ್ತು. ಅಮ್ಮ ಇವತ್ತು ಮಜ್ಜಿಗೆ ಹುಳಿ ಕೇಳಿ ಹಾಕಿಸ್ಕೊಂಡ್ಲು. ನೀನು ಓಡಿ ಬರೋದೇನೂ ಬೇಡ. ಕೋಪ ಬಂದಿದ್ರೆ ಬೈದು ಕಳಿಸು, ಕೇಳ್ತೀನಿ. ಅಷ್ಟೇ ಕಣೇ. ಇನ್ನು ನೀನು ಹೇಳು."

 ಸುರುಳಿ ಬರಿದೇ ತಿರುಗುತ್ತಿತ್ತು. ಪ್ರಮೋದ್ ಮೆಲ್ಲಗೆ ಅದನ್ನು ನಿಲ್ಲಿಸಿ, ಆ ಮಾತನ್ನು ನನ್ನ ಫೋನಿಗೂ ಹಾಕಿಕೊಟ್ಟ. ವಾಪಸ್ ಬರುವಾಗ ಅಮ್ಮ ಕುಂಬಳಕಾಯಿ ಹೊಲದ ಕಡೆ ತಿರುಗಿ ಕೂಡ ನೋಡಲಿಲ್ಲ. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಎದ್ದು ತಾನೇ ತೆಗೆದುಕೊಂಡಳು. ನಾನು ಕ್ಷಮಿಸು ಎಂದು ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ? ನಾಲ್ಕನೆಯ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ, ಅದೇ ಹಳೆಯ ಕಾವಲಿ. ಅವಳು ಬಂದು ಪಕ್ಕ ನಿಂತಳು.

"ಒಂಬತ್ತು ವರ್ಷದೋಳಾಗಿದ್ರೆ ಎರಡು ಬಾರಿಸಬಹುದಿತ್ತು. ಅರವತ್ತೆರಡರೋಳಿಗೆ ಏನು ಮಾಡ್ಲಿ ಹೇಳು?"

"ಬಾರಿಸಮ್ಮ."

"ಕೈ ನೋಯುತ್ತೆ." ಕಾವಲಿಯ ಅಂಚಿಗೆ ಎಣ್ಣೆ ಬಿಟ್ಟಳು. "ಚೀಟಿ ಅಂಟಿಸ್ದೆ ಕಳಿಸಿದ್ದು ನಾನಲ್ವಾ. ನೀನು ಹಿಡ್ಕೊಂಡು ನಿಂತಿದ್ದೆ. ನಾನೇ ಬೇಡ ಅಂದೆ."

ಆಗ ನನಗೆ ಅಳು ಬಂತು. ದೋಸೆ ಸೀದುಹೋಯಿತು. ತಿಂಡಿಯಾದ ಮೇಲೆ ಅಮ್ಮ ಡಬ್ಬಿ ತರಿಸಿ, ಹಳೆಯ ಬೊಟ್ಟುಗಳ ಮೇಲೆ ತನ್ನ ಕೈಯಿಂದಲೇ ಬಿಳಿ ಚೀಟಿ ಅಂಟಿಸಿ, ದೇವರ ಗೂಡಿನಿಂದ ಕುಂಕುಮ ತೆಗೆದುಕೊಂಡಳು. ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ ಒಂದು ಬೊಟ್ಟು. ಆಮೇಲೆ ಊಟದ ಮೇಜಿನ ಮೇಲೆ ಫೋನಿಟ್ಟು ಎರಡನೆಯ ಸಲ ಕೇಳಿದಳು. ಈ ಸಲ ಅವಳು ಸುಮ್ಮನಿರಲಿಲ್ಲ. ಎರಡು ದಿನ ಊಟ ಬಿಟ್ಟಿದ್ದೆಲ್ಲ ಸುಳ್ಳು, ಕದ್ದು ಚಕ್ಕುಲಿ ತಿಂತಿದ್ದೆ, ನಂಗೊತ್ತು ಎಂದು ಅಕ್ಕನ ಜೊತೆ ಜಗಳ ತೆಗೆದಳು. ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು. ಎರಡನೆಯ ಬೊಟ್ಟು ಬಿತ್ತು. ಕೆಲವು ದಿನ ಬಿಟ್ಟು ಇನ್ನೊಂದು ಸಲ ಹಾಕಲೇ ಎಂದು ಕೇಳಿದೆ. ಬೇಡ ಎಂದು ತಲೆ ಆಡಿಸಿದಳು.

"ಯಾಕಮ್ಮ? ಮೂರನೇದು ಬಾಕಿ ಇದೆಯಲ್ಲ."

"ಮೂರೂ ಇಟ್ಟು ಏನು ಮಾಡ್ಲಿ? ಅಳಿಸೋಕಾ?"

ಡಬ್ಬಿ ಈಗ ದೇವರ ಗೂಡಿನಲ್ಲಿದೆ, ಎರಡೇ ಬೊಟ್ಟಿನೊಂದಿಗೆ.